ಎದೆಯ ಮೇಲಿಟ್ಟ ಕಲ್ಲು

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಈಜಿಪ್ಟಿನ ಮಮ್ಮಿಗಳನ್ನು ಇರಿಸಿರುವ ಕೋಣೆಗಳು ಮೇಲಂತಸ್ತಿನಲ್ಲಿವೆ. ಶಾಲೆಯ ಮಕ್ಕಳಿಂದಲೂ ಪ್ರವಾಸಿಗರಿಂದಲೂ ಅವು ಸದಾ ಕಿಕ್ಕಿರಿದಿರುತ್ತವೆ. ಎಲ್ಲರ ಕಣ್ಣೂ ಬಣ್ಣಬಣ್ಣದ ಶವಪೆಟ್ಟಿಗೆಗಳ ಮೇಲೆ. ಬದಿಯ ಗಾಜಿನ ಕಪಾಟುಗಳಲ್ಲಿ ಜೋಡಿಸಿಟ್ಟಿರುವ ಪುಟ್ಟ ತಾಯಿತಗಳ ಮುಂದೆ ನಿಲ್ಲುವವರು ಕಡಿಮೆ. ರೋಮಿನಲ್ಲಿ ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿ ಒಮ್ಮೆ ಅಲ್ಲಿಗೆ ಹೋಗಿದ್ದ ನಾನೂ ಜನರ ನೂಕುನುಗ್ಗಲಿನಿಂದ ತಪ್ಪಿಸಿಕೊಳ್ಳಲೆಂದೇ ಆ ಬದಿಗೆ ಸರಿದೆನೇ ಹೊರತು ಜ್ಞಾನದಾಹದಿಂದಲ್ಲ.

ಅಲ್ಲಿ ನಾನು ಕಂಡದ್ದು ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದಾದ ಒಂದು ಕಲ್ಲಿನ ಹುಳು. ಬೆನ್ನು ಗುಮ್ಮಟದಂತೆ ಉಬ್ಬಿತ್ತು. ಹಸಿರುನೀಲಿ ಮೆರುಗು ಅಲ್ಲಲ್ಲಿ ಸವೆದು, ಅಡಿಯ ಕಂದುಬಿಳಿ ಕಲ್ಲು ಇಣುಕುತ್ತಿತ್ತು. ಚಪ್ಪಟೆಯಾದ ಅಡಿಭಾಗದಲ್ಲಿ ಸಾಲುಸಾಲಾಗಿ ಚಿತ್ರಲಿಪಿ ಕೊರೆದಿತ್ತು. ಸತ್ತವನ ಶವಕ್ಕೆ ಬಟ್ಟೆ ಸುತ್ತುವಾಗ ಎದೆಯ ಮೇಲೆ ಇಡುತ್ತಿದ್ದ ತಾಯಿತವದು. ಆ ಅಕ್ಷರಗಳು ದೇವರನ್ನು ಕುರಿತ ಪ್ರಾರ್ಥನೆ ಇರಬೇಕೆಂದು ನಾನು ಭಾವಿಸಿದ್ದೆ. ಆಮೇಲೆ ಓದಿ ತಿಳಿದಾಗ ಅಚ್ಚರಿಯಾಯಿತು. ಅದು ಸತ್ತವನು ತನ್ನ ಸ್ವಂತ ಹೃದಯಕ್ಕೆ ಮಾಡಿಕೊಳ್ಳುವ ಬಿನ್ನಹ.

ಬಿನ್ನಹದ ಸಾರಾಂಶ ಹೀಗಿದೆ: ತಾಯಿಯಿಂದ ಪಡೆದ ಹೃದಯವೇ, ನನ್ನ ಬಾಳಿನ ಎಲ್ಲ ಪ್ರಾಯಗಳಲ್ಲೂ ನನ್ನೊಡನಿದ್ದ ಹೃದಯವೇ, ತಕ್ಕಡಿಯ ಮುಂದೆ ನಾನು ನಿಲ್ಲುವ ಆ ಹೊತ್ತಿನಲ್ಲಿ ನನಗೆ ಎದುರುಸಾಕ್ಷಿಯಾಗಬೇಡ.

ಈ ಬಿನ್ನಹ ನಮ್ಮನ್ನೂ ಮುಟ್ಟುವಂಥದ್ದು. ಆದ್ದರಿಂದ ಅದನ್ನು ಕುರಿತು ಸ್ವಲ್ಪ ಸಾವಧಾನವಾಗಿ ಯೋಚಿಸೋಣ.

ಮೊದಲು ಕಲ್ಲಿನ ವಿಷಯ. ಅದು ಬಳಪದ ಕಲ್ಲು. ನಾವು ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಬಳಪ ಆ ಜಾತಿಯದೇ. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಕೆತ್ತಿದ್ದೂ ಅದಕ್ಕೆ ಹತ್ತಿರದ ಮೃದು ಕಲ್ಲನ್ನೇ. ಉಗುರಿನಿಂದ ಗೀರಿದರೂ ಗೆರೆ ಮೂಡುವಷ್ಟು ಮೆತ್ತಗಿನ ಕಲ್ಲಾದ್ದರಿಂದ ಸೂಕ್ಷ್ಮವಾದ ಅಕ್ಷರಗಳನ್ನು ಅದರಲ್ಲಿ ಸುಲಭವಾಗಿ ಕೊರೆಯಬಹುದು. ಕೊರೆದ ಮೇಲೆ ತಾಮ್ರದ ಅಂಶವುಳ್ಳ ಮೆರುಗನ್ನು ಹಚ್ಚಿ, ಸಾವಿರ ಡಿಗ್ರಿಯ ಆಸುಪಾಸಿನ ಕಾವಿನಲ್ಲಿ ಸುಡುತ್ತಿದ್ದರು. ಆ ಕಾವಿನಲ್ಲಿ ಕಲ್ಲಿನೊಳಗಿನ ನೀರಿನಂಶ ಹೊರಟುಹೋಗಿ ಕಲ್ಲಿನ ಗುಣವೇ ಬದಲಾಗುತ್ತದೆ. ಉಗುರಿಗೆ ಮಣಿಯುತ್ತಿದ್ದದ್ದು ಗಟ್ಟಿಯಾಗುತ್ತದೆ, ಮೇಲೆ ಗಾಜಿನಂಥ ಹಸಿರು ಪೊರೆ ಕೂರುತ್ತದೆ. ಈಜಿಪ್ಟಿನವರಿಗೆ ಈ ವಿದ್ಯೆ ಪಿರಮಿಡ್ಡುಗಳಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ತಿಳಿದಿತ್ತು. ನಮ್ಮ ಸಿಂಧೂ ಕಣಿವೆಯ ಮುದ್ರೆಗಳೂ ಹೀಗೆಯೇ ಸುಟ್ಟ ಬಳಪದ ಕಲ್ಲಿನವು.

ವಿಧಿಯ ಪ್ರಕಾರ ಹೃದಯದ ತಾಯಿತವನ್ನು ಅಪ್ಪಟ ಹಸಿರು ಶಿಲೆಯಲ್ಲಿ ಮಾಡಿ ಬೆಲೆಬಾಳುವ ಲೋಹದ ಕಟ್ಟು ಹಾಕಿಸಬೇಕಿತ್ತು. ಹಸಿರು ಅವರಿಗೆ ಮರುಹುಟ್ಟಿನ ಬಣ್ಣ; ನೈಲ್ ನದಿಯ ನೆರೆ ಇಳಿದ ಮೇಲೆ ಹೊಲದಲ್ಲಿ ಏಳುವ ಪೈರಿನ ಬಣ್ಣ. ಆದರೆ ಅಂಥ ಶಿಲೆ ಎಲ್ಲರ ಕೈಗೆಟಕುವುದೇ? ಮೆತ್ತನೆಯ ಕಲ್ಲಿಗೆ ಹಸಿರು ಮೆರುಗು ಹಚ್ಚಿದರೆ ಅದೂ ಹಸಿರೇ ತಾನೆ. ಹಬ್ಬದ ದಿನ ಚಿನ್ನದ ಬದಲು ಚಿನ್ನದ ನೀರು ಕುಡಿಸಿದ ಒಡವೆ ತೊಟ್ಟುಕೊಳ್ಳುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಎಷ್ಟೋ ಇವೆ. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣಲಿಲ್ಲ.

ಹುಳುವಿನ ಆಕಾರವೇಕೆ ಎಂದು ಕೇಳಬಹುದು. ಅದು ನಮ್ಮ ಹೊಲಗದ್ದೆಗಳಲ್ಲೂ ಕಾಣುವ ಸಗಣಿಹುಳುವಿನ ಬಂಧು. ಸಗಣಿಯನ್ನು ಉಂಡೆ ಕಟ್ಟಿ, ಹಿಂಗಾಲುಗಳಿಂದ ತಳ್ಳಿಕೊಂಡು ಹೋಗಿ ಮಣ್ಣಿನಲ್ಲಿ ಹೂಳುತ್ತದೆ. ಹೂತ ಜಾಗದಿಂದ ಕೆಲಕಾಲದ ಮೇಲೆ ಹೊಸ ಹುಳು ಎದ್ದು ಬರುವುದನ್ನು ಕಂಡ ಈಜಿಪ್ಟಿನವರು, ಅದು ತಾನಾಗಿಯೇ ಹುಟ್ಟುತ್ತದೆಂದು ನಂಬಿದರು. ಹೆಣ್ಣುಹುಳು ನೆಲದೊಳಗೆ ಬೇರೆಯೇ ಉಂಡೆ ಮಾಡಿ ಅದರಲ್ಲಿ ಮೊಟ್ಟೆಯಿಡುತ್ತದೆಂಬುದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಸೂರ್ಯನನ್ನು ದಿನವೂ ಆಕಾಶದಲ್ಲಿ ಉರುಳಿಸಿಕೊಂಡು ಹೋಗುವ ದೇವತೆಗೂ ಅವರು ಇದೇ ಹುಳುವಿನ ರೂಪ ಕೊಟ್ಟರು. ಪ್ರಸಂಗವಶಾತ್ ಒಂದು ಮಾತು. 4ನೆಯ ಶತಮಾನದ ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರು ಲೂಕನ ಶುಭಸಂದೇಶಕ್ಕೆ ಬರೆದ ವ್ಯಾಖ್ಯಾನದಲ್ಲಿ ಶಿಲುಬೆಯ ಮೇಲಿನ ಕ್ರಿಸ್ತರನ್ನೇ ಈ ಹುಳುವಿಗೆ ಹೋಲಿಸಿದ್ದಾರೆ. ಪ್ರವಾದಿ ಹಬಕ್ಕೂಕನ ಗ್ರಂಥದ ಪ್ರಾಚೀನ ಗ್ರೀಕ್ ಅನುವಾದದಲ್ಲಿ, ಮರದೊಳಗಿನಿಂದ ಕೂಗುವ ಹುಳುವೊಂದರ ಪ್ರಸ್ತಾಪ ಬರುತ್ತದೆ. ಅದೇ ಅವರಿಗೆ ಆಧಾರ. ಗುರುಮಠದಲ್ಲಿ ಮೊದಲ ಸಲ ಇದನ್ನು ಓದಿದಾಗ ನಮ್ಮ ತರಗತಿ ನಕ್ಕಿತ್ತು. ಕಸದೊಳಗಿಂದ ಜೀವ ಎತ್ತುವ ಹುಳುವನ್ನು ಗಮನಿಸಿ ನೋಡಿದವರು ಬಹುಶಃ ನಗಲಾರರು.

ಇನ್ನು ಆ ತಕ್ಕಡಿಯ ವಿಚಾರ. ಶವವನ್ನು ಕೆಡದಂತೆ ಸಂಸ್ಕರಿಸುವಾಗ ಈಜಿಪ್ಟಿನವರು ಮೆದುಳನ್ನು ಮೂಗಿನ ಮೂಲಕ ತೆಗೆದು ಎಸೆಯುತ್ತಿದ್ದರು. ಶ್ವಾಸಕೋಶ, ಯಕೃತ್ತು, ಜಠರ, ಕರುಳುಗಳನ್ನು ಬೇರೆ ಭರಣಿಗಳಲ್ಲಿಡುತ್ತಿದ್ದರು. ಹೃದಯವನ್ನು ಮಾತ್ರ ಅದರ ಸ್ಥಾನದಲ್ಲೇ ಬಿಡುತ್ತಿದ್ದರು. ಬುದ್ಧಿ, ನೆನಪು, ಇಚ್ಛೆ ಎಲ್ಲವೂ ಹೃದಯದಲ್ಲಿವೆಯೆಂಬುದು ಅವರ ನಂಬಿಕೆ. ಮನುಷ್ಯ ಮಾಡಿದ್ದನ್ನೆಲ್ಲ ಬಲ್ಲದ್ದು ಅದೊಂದೇ. ಮರಣಾನಂತರ ಆ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಸತ್ಯದ ಸಂಕೇತವಾದ ಗರಿಯನ್ನಿಟ್ಟು ತೂಗುತ್ತಾರೆ. ನರಿಮೊಗದ ದೇವತೆ ತಕ್ಕಡಿಯನ್ನು ನೋಡಿಕೊಳ್ಳುತ್ತದೆ, ಕೊಕ್ಕರೆಯಂಥ ಮುಖದ ದೇವತೆ ಫಲಿತಾಂಶವನ್ನು ಬರೆದುಕೊಳ್ಳುತ್ತದೆ. ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರ್ಗುದುರೆಯ ಹಿಂಭಾಗವುಳ್ಳ ಪ್ರಾಣಿಯೊಂದು ತೂಕ ತಪ್ಪಿದ ಹೃದಯವನ್ನು ನುಂಗಲು ಬಾಯ್ದೆರೆದು ಕಾದಿರುತ್ತದೆ. 1888ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದ ಆನಿ ಎಂಬ ಅಧಿಕಾರಿಯ ಪಪೈರಸ್ ಸುರುಳಿಯಲ್ಲಿ ಈ ದೃಶ್ಯವನ್ನು ಬಣ್ಣಗಳಲ್ಲಿ ಕಾಣಬಹುದು. ಆನಿ ಮತ್ತು ಅವನ ಹೆಂಡತಿ ಸ್ವಲ್ಪ ಬಾಗಿಕೊಂಡು ತಕ್ಕಡಿಯತ್ತ ನಡೆದುಬರುತ್ತಿದ್ದಾರೆ.

ವಿಮೋಚನಾಕಾಂಡದಲ್ಲಿ ಮೋಶೆಯ ಮಾತು ಕೇಳದ ಫರೋಹನು ತನ್ನ ಹೃದಯವನ್ನು ಕಠಿಣ ಮಾಡಿಕೊಂಡನೆಂದು ನಾವು ಓದುತ್ತೇವೆ. ಹಲವು ಕಡೆ ಅಲ್ಲಿರುವ ಹಿಬ್ರೂ ಪದದ ನೇರ ಅರ್ಥ ‘ಭಾರ ಮಾಡಿಕೊಂಡನು’ ಎಂದು. ಹೃದಯವನ್ನು ತೂಗುವ ನಾಡಿನ ಅರಸನ ಬಗ್ಗೆ ಈ ಪದ ಬಳಕೆಯಾಗಿರುವುದು ಆಕಸ್ಮಿಕವಲ್ಲವೆಂದು ಕೆಲವು ಪಂಡಿತರು ಹೇಳುತ್ತಾರೆ. ಕನ್ನಡದಲ್ಲಿ ನಾವು ‘ಎದೆ ಕಲ್ಲು ಮಾಡಿಕೊಂಡ’ ಎನ್ನುತ್ತೇವೆ.

ಆ ತೀರ್ಪಿನ ಸಭೆಯಲ್ಲಿ ಸತ್ತವನು ನಲವತ್ತೆರಡು ನ್ಯಾಯದೇವತೆಗಳ ಮುಂದೆ ನಲವತ್ತೆರಡು ನಿರಾಕರಣೆಗಳನ್ನು ಒಪ್ಪಿಸಬೇಕಿತ್ತು. ಕದ್ದಿಲ್ಲ, ಕೊಂದಿಲ್ಲ, ಸುಳ್ಳಾಡಿಲ್ಲ, ಅಳತೆಯಲ್ಲಿ ಮೋಸ ಮಾಡಿಲ್ಲ, ಹೀಗೆ ಸಾಗುತ್ತದೆ ಆ ಪಟ್ಟಿ. ಇಷ್ಟೊಂದು ದೋಷಗಳಲ್ಲಿ ಒಂದನ್ನೂ ಮಾಡದ ಮನುಷ್ಯ ಯಾರಿದ್ದಾನು? ಬಾಯಿಯೇನೋ ನಲವತ್ತೆರಡು ಸಲ ‘ಇಲ್ಲ’ ಎನ್ನಬಲ್ಲದು. ಪಕ್ಕದ ತಟ್ಟೆಯಲ್ಲಿ ಕುಳಿತ ಹೃದಯ ಆಗ ಏನೆನ್ನುತ್ತದೆ? ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ನಮ್ಮದು. ಬಾಯಿ ಸುಮ್ಮನಿದ್ದರೂ ಕೈ ಅವನನ್ನು ಹಿಡಿದುಕೊಟ್ಟಿತು. ಈಜಿಪ್ಟಿನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿಯೊಂದಿದೆ. ಆ ಕಲ್ಲಿನ ಬಿನ್ನಹ ತೂಗುವ ದೇವತೆಯ ಕಣ್ಣು ತಪ್ಪಿಸುವಂತೆ ಬೇಡುವುದಿಲ್ಲ, ಬರೆಯುವ ದೇವತೆಯ ಲೇಖನಿಯನ್ನು ತಡೆಯುವಂತೆಯೂ ಬೇಡುವುದಿಲ್ಲ. ನೇರವಾಗಿ ತನ್ನ ಎದೆಯತ್ತಲೇ ತಿರುಗುತ್ತದೆ. ಇಷ್ಟೆಲ್ಲ ದೇವತೆಗಳ ನಡುವೆ ನಿಂತಿರುವಾಗಲೂ ಅವನಿಗೆ ಭಯವಿರುವುದು ತನ್ನೊಳಗಿನ ಸಾಕ್ಷಿಯದೇ. ಸಾಕ್ಷಿಯ ಬಾಯಿ ಕಟ್ಟುವ ಪ್ರಯತ್ನವೆಂದು ಇದನ್ನು ಹಳಿಯುವುದು ಸುಲಭ. ಹಳಿಯುವ ಮುನ್ನ ಅವನ ಒಂದು ಪ್ರಾಮಾಣಿಕತೆಯನ್ನು ಮೆಚ್ಚಬೇಕು. ತನ್ನ ಎದೆಗೆ ಎಲ್ಲ ಗೊತ್ತಿದೆಯೆಂದು ಅವನು ಒಪ್ಪಿಕೊಂಡಿದ್ದಾನೆ.

ಹಾಗೆಂದು ಈ ವ್ಯವಹಾರವೆಲ್ಲ ಗಂಭೀರ ಭಕ್ತಿಯಿಂದಲೇ ನಡೆಯುತ್ತಿತ್ತೆಂದು ತಿಳಿಯಬೇಕಾಗಿಲ್ಲ. ಈ ತಾಯಿತಗಳನ್ನು ಮುಂಚಿತವಾಗಿ ಮಾಡಿಟ್ಟು, ಹೆಸರಿನ ಜಾಗವನ್ನು ಖಾಲಿ ಬಿಡುತ್ತಿದ್ದುದೂ ಉಂಟು. ಕೊಂಡವರ ಹೆಸರನ್ನು ಆಮೇಲೆ ತುಂಬುವುದು. ಕೆಲವೊಮ್ಮೆ ತುಂಬದೆಯೇ ಉಳಿದುಬಿಡುವುದು. ರಾಣಿ ಹಾಟ್ಷೆಪ್ಸುಟ್‌ಳ ಆಪ್ತ ಅಧಿಕಾರಿಯಾಗಿದ್ದ ಸೆನೆನ್‌ಮುಟ್‌ನ ತಾಯಿ ಹಾಟ್‌ನೆಫರ್‌ಳ ಸಮಾಧಿಯನ್ನು 1936ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನವರು ತೆರೆದರು. ಆಕೆಯ ಹಸಿರು ಶಿಲೆಯ ಹೃದಯ-ತಾಯಿತ ಚಿನ್ನದ ಕಟ್ಟಿನೊಡನೆ ಈಗ ಆ ಮ್ಯೂಸಿಯಂನಲ್ಲಿದೆ. ಅತ್ಯಂತ ಸುಂದರವಾದ ಕೆಲಸ. ಆದರೆ ಆಕೆಯ ಹೆಸರಿರುವ ಸ್ಥಳದಲ್ಲಿ ಮೊದಲಿದ್ದ ಬರಹವನ್ನು ಕೆರೆದು ಅಳಿಸಿದ ಗುರುತಿದೆ. ಬಹುಶಃ ಬೇರೆಯವರ ಎದೆಗೆಂದು ಮಾಡಿದ್ದ ಬಿನ್ನಹ ಅದು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 9ನೆಯ ರಾಮ್ಸೆಸ್ ಅರಸನ ಆಳ್ವಿಕೆಯ 16ನೆಯ ವರ್ಷದಲ್ಲಿ, ಎಂದರೆ ಸುಮಾರು ಕ್ರಿ.ಪೂ. 1110ರಲ್ಲಿ, ಥೀಬ್ಸ್ ನಗರದಲ್ಲಿ ಗೋರಿಗಳ್ಳರ ವಿಚಾರಣೆ ನಡೆಯಿತು. ಅದರ ದಾಖಲೆಯ ಸುರುಳಿ ಎರಡು ಭಾಗವಾಗಿ ಬೇರೆಬೇರೆ ಖಂಡಗಳನ್ನು ಸೇರಿತ್ತು. ಕೆಳಭಾಗ ನ್ಯೂಯಾರ್ಕಿನಲ್ಲಿತ್ತು. ಮೇಲ್ಭಾಗ 1935ರಲ್ಲಿ ಬ್ರಸೆಲ್ಸಿನ ಒಂದು ಮರದ ಪ್ರತಿಮೆಯೊಳಗೆ ಸಿಕ್ಕಿತು! ಎರಡನ್ನೂ ಕೂಡಿಸಿ ಓದಿದಾಗ ಅಮೆನ್‌ಪನುಫೆರ್ ಎಂಬ ಕಲ್ಲುಕುಟಿಗನ ಹೇಳಿಕೆ ಪೂರ್ಣವಾಗಿ ಹೊರಬಂತು. ಸೊಬೆಕೆಮ್‌ಸಾಫ್ ಎಂಬ ಪುರಾತನ ಅರಸನ ಗೋರಿಯನ್ನು ತಾನೂ ತನ್ನ ಸಂಗಡಿಗರೂ ಕೊರೆದು ಹೊಕ್ಕೆವೆಂದೂ, ಅರಸನ ಕೊರಳಲ್ಲಿದ್ದ ಚಿನ್ನವನ್ನೂ ತಾಯಿತಗಳನ್ನೂ ಕಿತ್ತುಕೊಂಡು ಶವಪೆಟ್ಟಿಗೆಗಳಿಗೆ ಬೆಂಕಿಯಿಟ್ಟೆವೆಂದೂ ಅವನು ಒಪ್ಪಿಕೊಂಡ. ಹಿಂದೆ ಒಮ್ಮೆ ಸಿಕ್ಕಿಬಿದ್ದಾಗ ತನ್ನ ಪಾಲಿನ 20 ದೆಬೆನ್ ಚಿನ್ನವನ್ನು ಅಧಿಕಾರಿಯೊಬ್ಬನಿಗೆ ಕೊಟ್ಟು ಬಿಡಿಸಿಕೊಂಡುದನ್ನೂ ಹೇಳಿದ. ಅದು ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 1.8 ಕಿಲೋ. ಕೊನೆಗೆ ಈ ನಾಡಿನ ಇನ್ನೂ ಎಷ್ಟೋ ಜನ ನಮ್ಮ ಹಾಗೆಯೇ ಕದಿಯುತ್ತಿದ್ದಾರೆಂಬ ಮಾತನ್ನೂ ಸೇರಿಸಿದ.

ಈ ಕೊನೆಯ ಮಾತನ್ನು ಓದಿದಾಗ ಕಲ್ಲುಕುಟಿಗ ತನ್ನ ಎದೆಯ ಮೇಲೆ ಎಂಥ ತಾಯಿತ ಇಟ್ಟುಕೊಂಡಿದ್ದನೆಂಬುದು ನನಗೆ ಹೊಳೆಯಿತು. ಎಲ್ಲರೂ ಮಾಡುತ್ತಾರೆ! ಅದಕ್ಕೆ ಹಸಿರು ಶಿಲೆಯೂ ಬೇಡ, ಮೆರುಗೂ ಬೇಡ. ಮೂರು ಸಾವಿರ ವರ್ಷಗಳಲ್ಲಿ ಅದು ಸವೆದಿಲ್ಲ. ನಿವೇಶನದ ಕಾಗದಪತ್ರಗಳಲ್ಲಿ, ಮದುವೆಯ ಮಾತುಕತೆಗಳಲ್ಲಿ, ಪರೀಕ್ಷೆಯ ಕೊಠಡಿಗಳಲ್ಲಿ ನಾವು ಅದನ್ನು ದಿನವೂ ಬಳಸುತ್ತೇವೆ.

ಅನ್ಯರ ಮಾತೇಕೆ, ನನ್ನದನ್ನೇ ಹೇಳುತ್ತೇನೆ. ಯಾಜಕದೀಕ್ಷೆ ಪಡೆದ ಹೊಸದರಲ್ಲಿ ಹುಡುಗರ ಒಂದು ವಸತಿನಿಲಯದ ಹೊಣೆ ನನ್ನ ಮೇಲಿತ್ತು. ಒಂದು ಸಂಜೆ ಮೇಜಿನ ಖಾನೆಯಲ್ಲಿಟ್ಟಿದ್ದ ಮುನ್ನೂರು ರೂಪಾಯಿ ಕಾಣೆಯಾಯಿತು. ಕೋಣೆ ಗುಡಿಸಲು ಬಂದಿದ್ದ ಎಂಟನೆಯ ತರಗತಿಯ ಹುಡುಗನ ಮೇಲೆ ಸಂಶಯ ಬಂತು. ಹುಡುಗ ಅತ್ತ, ಒಪ್ಪಿಕೊಳ್ಳಲಿಲ್ಲ. ಒಪ್ಪಿಕೊಳ್ಳದಿರುವುದೇ ಮೊಂಡುತನವೆನಿಸಿ ಅವನನ್ನು ಮನೆಗೆ ಕಳುಹಿಸಿದೆ. ಅವನ ತಂದೆ ಒಂದು ಮಾತೂ ಆಡದೆ ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಮಗನನ್ನು ಕರೆದೊಯ್ದರು. ನಾಲ್ಕು ತಿಂಗಳ ಬಳಿಕ, ಹಳೆಯ ಲೆಕ್ಕದ ಪುಸ್ತಕವೊಂದನ್ನು ತೆರೆದಾಗ ನೂರರ ಮೂರು ನೋಟುಗಳು ನನ್ನ ಕೈಬರಹದ ಚೀಟಿಯೊಡನೆ ಅದರಲ್ಲಿದ್ದವು. ಇಟ್ಟವನು ನಾನೇ.

ಆಗ ನನ್ನ ಎದೆ ಮಾತಾಡಿತು. ನಾನು ಅದಕ್ಕೆ ಉತ್ತರ ಕೊಟ್ಟೆ. ಹುಡುಗ ಈಗಾಗಲೇ ಬೇರೆ ಶಾಲೆ ಸೇರಿರುತ್ತಾನೆ. ಅವನ ಮನಸ್ಸನ್ನು ಮತ್ತೆ ಕಲಕುವುದೇಕೆ? ಉಳಿದ ಹುಡುಗರಿಗೆ ಹಿರಿಯರ ಮೇಲಿನ ಗೌರವ ಕುಗ್ಗೀತು. ಸಂಸ್ಥೆಯ ಹೆಸರಿಗೆ ಕುಂದು ಬಂದೀತು. ಒಂದೊಂದಾಗಿ ನೋಡಿದರೆ ಯಾವುದೂ ಶುದ್ಧ ಸುಳ್ಳಲ್ಲ. ಎಲ್ಲಕ್ಕೂ ಒಳ್ಳೆಯ ಮೆರುಗಿತ್ತು. ಕೆಲವೇ ವಾರಗಳಲ್ಲಿ ಎದೆ ಸುಮ್ಮನಾಯಿತು. ಅಷ್ಟು ಬೇಗ ಸುಮ್ಮನಾದದ್ದು ನೆನೆದರೆ ಈಗ ಭಯವಾಗುತ್ತದೆ. ಒಂದೂವರೆ ವರ್ಷದ ಮೇಲೆ, ಬೇರೆ ಕೆಲಸಕ್ಕಾಗಿ ಆ ಊರಿನ ಕಡೆಗೆ ಹೋದವನು ಅವರ ಮನೆಯನ್ನು ಹುಡುಕಿದೆ. ಮನೆಗೆ ಬೀಗವಿತ್ತು. ಕಾಫಿ ತೋಟದ ಕೆಲಸಕ್ಕೆ ಸಂಸಾರವೇ ಹೋಗಿದೆ, ಯಾವ ತೋಟವೋ ಗೊತ್ತಿಲ್ಲ ಎಂದರು ನೆರೆಯವರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಹೃದಯದ ಬಾಯಿ ಕಟ್ಟಬಾರದೆಂಬ ಸರಳ ಪಾಠ ಸಿಕ್ಕಿಬಿಡುತ್ತಿತ್ತು. ಆದರೆ ಆ ಕಲ್ಲಿನ ಬರಹ ಅಷ್ಟು ಸರಳವಾಗಿಲ್ಲ. ಎದುರುಸಾಕ್ಷಿಯಾಗಬೇಡವೆಂದು ಬೇಡಿಕೊಂಡ ಮನುಷ್ಯ, ಬಿನ್ನಹದ ಕೊನೆಯ ಭಾಗದಲ್ಲಿ ಇನ್ನೊಂದು ಮಾತನ್ನು ಸೇರಿಸುತ್ತಾನೆ. ದೇವರ ಮುಂದೆ ತನ್ನ ಮೇಲೆ ಸುಳ್ಳು ಹೇಳಬಾರದೆಂದೂ ಹೃದಯವನ್ನು ಕೇಳಿಕೊಳ್ಳುತ್ತಾನೆ. ಮೊದಲ ಓದಿನಲ್ಲಿ ನಾನು ಇದನ್ನು ಗಮನಿಸಿರಲಿಲ್ಲ. ಹೃದಯ ಸುಳ್ಳನ್ನೂ ಹೇಳುತ್ತದೆಯೇ? ಮನಸ್ಸಾಕ್ಷಿಯನ್ನು ದೇವರ ದನಿಯೆಂದು ನಾವು ಪ್ರಬೋಧನೆಗಳಲ್ಲಿ ಎಷ್ಟು ಸಲ ಹೇಳಿಲ್ಲ! ಆದರೆ ದಾರಿ ತಪ್ಪಿದ ಮನಸ್ಸಾಕ್ಷಿಯ ಬಗ್ಗೆಯೂ, ಇಲ್ಲದ ಪಾಪವನ್ನು ಕಂಡು ನಡುಗುವ ಮನಸ್ಸಾಕ್ಷಿಯ ಬಗ್ಗೆಯೂ ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ನಮಗೆ ಕಲಿಸಿದ್ದರು. ಸಂತ ಯೊವಾನ್ನರ ಮೊದಲನೆಯ ಪತ್ರ, ಹೃದಯ ನಮ್ಮನ್ನು ದೋಷಿಯೆನ್ನುವಾಗಲೂ ಅದರ ತೀರ್ಪನ್ನು ಕೊನೆಯ ತೀರ್ಪೆಂದು ಒಪ್ಪುವುದಿಲ್ಲ.

ಈ ಮಾತಿನ ಅರ್ಥ ನನಗೆ ಪುಸ್ತಕಗಳಿಂದ ಸಿಗಲಿಲ್ಲ. ಹಿಂದೆ ನಾನಿದ್ದ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಪ್ರತಿ ತಿಂಗಳು ಪರಮಪ್ರಸಾದ ಕೊಂಡೊಯ್ಯುವಾಗ ಅವರ ಮನೆಯ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರುವುದು ರೂಢಿ. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ. ಸೊಸೆ ಮೊಮ್ಮಕ್ಕಳೆಲ್ಲರ ಎದುರಿನಲ್ಲೇ ಅಜ್ಜಿ ಹೇಳುತ್ತಿದ್ದ ಮಾತು. ಅವರಿಗೆ ಇಪ್ಪತ್ತೆರಡು ವರ್ಷವಿದ್ದಾಗ ಚೊಚ್ಚಲ ಮಗುವಿಗೆ ಜ್ವರ ಬಂದಿತ್ತು. ಹೊಳೆ ತುಂಬಿ ಹರಿಯುತ್ತಿತ್ತು, ಗಂಡ ಊರಲ್ಲಿರಲಿಲ್ಲ. ಬೆಳಗಾಗಲಿ, ದೋಣಿ ಬಿಟ್ಟ ಕೂಡಲೇ ಆಸ್ಪತ್ರೆಗೆ ಹೋಗೋಣವೆಂದು ಕಾದರು. ಬೆಳಗಿನ ಜಾವ ಮಗು ತೀರಿಕೊಂಡಿತು. ಹೊಳೆಯಲ್ಲಿ ಆ ರಾತ್ರಿ ಯಾರೂ ದೋಣಿ ಇಳಿಸುತ್ತಿರಲಿಲ್ಲವೆಂದು ಊರಿಗೆಲ್ಲ ಗೊತ್ತು. ಆಮೇಲೆ ಐದು ಮಕ್ಕಳನ್ನು ಹೆತ್ತು ಸಾಕಿದ ಆ ತಾಯಿಯ ಎದೆ ಮಾತ್ರ ಅರವತ್ತು ವರ್ಷ ಒಂದೇ ಸಾಕ್ಷ್ಯವನ್ನು ನುಡಿಯುತ್ತಿತ್ತು: ನೀನು ಹೊರಡಲಿಲ್ಲ.

ಹುಡುಗನೊಬ್ಬನ ಹೆಸರನ್ನು ಕೆಡಿಸಿದ ನನ್ನ ಎದೆ ಕೆಲವು ವಾರಗಳಲ್ಲಿ ಸುಮ್ಮನಾಯಿತು. ಯಾವ ತಪ್ಪನ್ನೂ ಮಾಡದ ಆಕೆಯ ಎದೆ ಅರವತ್ತು ವರ್ಷವಾದರೂ ಸುಮ್ಮನಾಗಲಿಲ್ಲ. ನೈಲ್ ನದಿಯ ದಡದ ಆ ಹಳಬರು ಎರಡು ಬೇಡಿಕೆಗಳನ್ನೂ ಒಂದೇ ಕಲ್ಲಿನಲ್ಲಿ ಬರೆಸಿಟ್ಟುಕೊಂಡಿದ್ದರು. ಯಾವ ಬೇಡಿಕೆ ಯಾರಿಗೆ ಸಲ್ಲುತ್ತದೆಂಬುದನ್ನು ಕಲ್ಲು ಹೇಳುವುದಿಲ್ಲ. ಹೆಸರಿನ ಜಾಗವೇ ಕೆಲವೊಮ್ಮೆ ಖಾಲಿಯಲ್ಲವೇ?

ಅಜ್ಜಿಗೆ ನಾನು ಮೊದಮೊದಲು ಸಮಾಧಾನ ಹೇಳಲು ಹೋಗುತ್ತಿದ್ದೆ. ಹೊಳೆ, ದೋಣಿ, ರಾತ್ರಿ ಎಂದು ಕಾರಣಗಳನ್ನು ಎಣಿಸುತ್ತಿದ್ದೆ. ಅವರು ತಲೆಯಾಡಿಸಿ, “ಹೌದು ಫಾದರ್, ನೀವು ಹೇಳುವುದು ಸರಿ” ಎಂದು ಕಾಫಿ ತರಿಸುತ್ತಿದ್ದರು. ಮುಂದಿನ ತಿಂಗಳು ಮತ್ತೆ ಹೊಳೆಯ ಮಾತಿನಿಂದಲೇ ಶುರು. ಒಂದು ದಿನ ಕಾರಣಗಳನ್ನು ಎಣಿಸದೆ, ಮಗುವಿನ ಹೆಸರೇನೆಂದು ಕೇಳಿದೆ. ಅದುವರೆಗೆ ಕೇಳಿರಲಿಲ್ಲ. ಅಜ್ಜಿ ಹೆಸರು ಹೇಳಿದರು; ಹೇಳಿ ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಮಗುವಿನ ಕಿವಿ ತನ್ನ ಅಪ್ಪನ ಕಿವಿಯಂತೆಯೇ ಇತ್ತೆಂದು ಹೇಳಿ ನಕ್ಕರು. ಆ ತಿಂಗಳು ಅವರು ಹೊಳೆಯ ಮಾತೆತ್ತಲಿಲ್ಲ. ಅದರ ಮುಂದಿನ ತಿಂಗಳು ಎತ್ತಿದರು.